ಒಂಬತ್ತು ಗೆದ್ದರೂ ಸಾಲದು: ನೆಬ್ರಾಸ್ಕಾ ಅಭಿಮಾನಿಗಳ ಹಳೇ ಲೆಕ್ಕ

2003ರ ನವೆಂಬರ್ 29ರಂದು ನೆಬ್ರಾಸ್ಕಾ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ಕೋಚ್ ಫ್ರಾಂಕ್ ಸೋಲಿಚ್ ಅವರನ್ನು ಕೆಲಸದಿಂದ ತೆಗೆಯಿತು. ಹಿಂದಿನ ದಿನವಷ್ಟೇ ತಂಡ ಕೊಲರಾಡೊವನ್ನು 31-22ರಿಂದ ಸೋಲಿಸಿತ್ತು. ಆ ಸೀಸನ್‌ನಲ್ಲಿ ಒಂಬತ್ತು ಗೆಲುವು, ಮೂರೇ ಸೋಲು. ಅಮೆರಿಕದ ಎಷ್ಟೋ ಕಾಲೇಜುಗಳು ಇಂಥ ಲೆಕ್ಕ ಸಿಕ್ಕರೆ ಕೋಚ್‌ಗೆ ಸಂಬಳ ಏರಿಸಿ ಇನ್ನೈದು ವರ್ಷ ಇರಿ ಅನ್ನುತ್ತವೆ. ನೆಬ್ರಾಸ್ಕಾದಲ್ಲಿ ಮನೆಗೆ ಕಳಿಸಿದರು. ಯಾಕಂದ್ರೆ ಅಲ್ಲಿ ಜನ ಈ ವರ್ಷದ ತಂಡವನ್ನು ಪಕ್ಕದ ರಾಜ್ಯದ ತಂಡದ ಜೊತೆ ಹೋಲಿಸಿ ನೋಡೋದಿಲ್ಲ. 1971ರ ತಂಡದ ಜೊತೆ, 1995ರ ತಂಡದ ಜೊತೆ ಹೋಲಿಸುತ್ತಾರೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಮ್ಮ ಕಾಲ್ಚೆಂಡಲ್ಲ; ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು, ಡಿಕ್ಕಿ ಹೊಡೆಯುತ್ತಾ ಓಡುವ ಅಮೆರಿಕನ್ ಫುಟ್‌ಬಾಲ್. ನೆಬ್ರಾಸ್ಕಾ ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು, ಜನ ಮಾತ್ರ 20 ಲಕ್ಷದ ಆಸುಪಾಸು. ಜೋಳದ ಹೊಲ, ದನದ ಕೊಟ್ಟಿಗೆ, ನಡುವೆ ಅಲ್ಲೊಂದು ಇಲ್ಲೊಂದು ಊರು. ವೃತ್ತಿಪರ ಫುಟ್‌ಬಾಲ್‌ನ ಎನ್‌ಎಫ್‌ಎಲ್ ತಂಡ ಇಲ್ಲ, ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎ ತಂಡ ಇಲ್ಲ, ಮೇಜರ್ ಲೀಗ್ ಬೇಸ್‌ಬಾಲ್ ತಂಡವೂ ಇಲ್ಲ. ಇರೋದು ಒಂದೇ: ಲಿಂಕನ್ ಪಟ್ಟಣದ ವಿಶ್ವವಿದ್ಯಾಲಯದ ಕಾರ್ನ್‌ಹಸ್ಕರ್ಸ್, ಜನರ ಬಾಯಲ್ಲಿ ಹಸ್ಕರ್ಸ್. ಪಂದ್ಯದ ದಿನ ಅಲ್ಲಿನ ಮೆಮೋರಿಯಲ್ ಸ್ಟೇಡಿಯಂ ಒಮಾಹಾ, ಲಿಂಕನ್ ಬಿಟ್ಟರೆ ರಾಜ್ಯದ ಮೂರನೇ ದೊಡ್ಡ ಊರು. 1962ರ ನವೆಂಬರ್‌ನಿಂದ ಇವತ್ತಿನವರೆಗೆ ಅಲ್ಲಿ ನಡೆದ ಒಂದೊಂದು ಪಂದ್ಯದ ಟಿಕೆಟ್ಟೂ ಪೂರ್ತಿ ಖಾಲಿ. ಆ ಸರಣಿ 400 ದಾಟಿದೆ.

ಯಾವ ಕಾಲ ಅತಿ ಒಳ್ಳೆಯದು ಅನ್ನುವ ಜಗಳದಲ್ಲಿ ತುಂಬಾ ಹಳಬರನ್ನು ಯಾರೂ ಎಳೆದು ತರೋದಿಲ್ಲ. ತಂದರೆ ಅವರೂ ಕಡಿಮೆಯಿಲ್ಲ. 1912ರಿಂದ 1916ರವರೆಗೆ ತಂಡ ಸತತ 34 ಪಂದ್ಯ ಸೋಲಲೇ ಇಲ್ಲ. ನೋಟರ್ ಡೇಮ್ ವಿಶ್ವವಿದ್ಯಾಲಯ ತಂಡದಲ್ಲಿ 'ನಾಲ್ವರು ಕುದುರೆ ಸವಾರರು' ಅಂತ ಹೆಸರಾದ ಆಟಗಾರರು ಇದ್ದರಲ್ಲ, ಅವರು ಮೂರು ವರ್ಷದಲ್ಲಿ ಸೋತಿದ್ದು ಎರಡೇ ಸಲ, 1922 ಮತ್ತು 1923ರಲ್ಲಿ. ಎರಡೂ ಲಿಂಕನ್‌ನಲ್ಲೇ. 1940ರ ತಂಡ ರೋಸ್ ಬೌಲ್‌ಗೆ (ಸೀಸನ್ ಮುಗಿದ ಮೇಲೆ ಒಳ್ಳೇ ತಂಡಗಳನ್ನು ಕರೆದು ಆಡಿಸುವ 'ಬೌಲ್' ಪಂದ್ಯಗಳಲ್ಲಿ ಒಂದು) ಹೋಗಿ ಸ್ಟ್ಯಾನ್‌ಫರ್ಡ್ ಎದುರು ಸೋತಿತು, ಆದರೆ ಹೋಗಿದ್ದೇ ರಾಜ್ಯಕ್ಕೆ ಹಬ್ಬವಾಗಿತ್ತು. ಅದಾದ ಮೇಲೆ ಸುಮಾರು 20 ವರ್ಷ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

1962ರಲ್ಲಿ ವಯೋಮಿಂಗ್‌ನಿಂದ ಬಾಬ್ ಡೆವೇನಿ ಬಂದರು. ಹಿಂದಿನ ವರ್ಷ ಮೂರೇ ಮೂರು ಪಂದ್ಯ ಗೆದ್ದಿದ್ದ ತಂಡ ಅದು. ಡೆವೇನಿಯ ಎರಡನೇ ಪಂದ್ಯವೇ ಮಿಷಿಗನ್ ನೆಲದಲ್ಲಿ, ಮಿಷಿಗನ್ ವಿರುದ್ಧ. 25-13ರಿಂದ ಗೆದ್ದರು. ಆ ಸೀಸನ್‌ನಲ್ಲಿ ಒಟ್ಟು ಒಂಬತ್ತು ಗೆಲುವು. ಸ್ಟೇಡಿಯಂ ತುಂಬಲು ಶುರುವಾಗಿದ್ದೇ ಆಗ.

ಇಲ್ಲಿ ಒಂದು ಕಡೆ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಹಳೇ ನೆನಪು ಹೇಳುವವರು ಈ ಭಾಗವನ್ನು ಸಲೀಸಾಗಿ ಹಾರಿಸಿಬಿಡುತ್ತಾರೆ. 1967ರಲ್ಲಿ ಡೆವೇನಿ ತಂಡ ಆರು ಗೆದ್ದು ನಾಲ್ಕು ಸೋತಿತು. 1968ರಲ್ಲೂ ಅದೇ ಆರು, ಅದೇ ನಾಲ್ಕು. ಆ ವರ್ಷದ ಕೊನೇ ಪಂದ್ಯದಲ್ಲಿ ಒಕ್ಲಹೋಮಾ 47-0ರಿಂದ ಬಡಿದು ಹಾಕಿತು. ಕೋಚ್‌ನನ್ನು ತೆಗೆಯಿರಿ ಅನ್ನುವ ಗೊಣಗಾಟ ಆಗಲೂ ಇತ್ತು. ತೆಗೆಯಲಿಲ್ಲ. ಡೆವೇನಿ ತಮ್ಮ ಸಹಾಯಕ, ತೆಳ್ಳಗೆ ಉದ್ದಕ್ಕಿದ್ದ, ಜಾಸ್ತಿ ಮಾತಾಡದ ಟಾಮ್ ಆಸ್‌ಬೋರ್ನ್ ಕೈಗೆ ದಾಳಿಯ ಪೂರ್ತಿ ಲೆಕ್ಕ ಕೊಟ್ಟರು. ಆತ ದಾಳಿ ನಡೆಸುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್ ಹಿಂದೆ ಓಟಗಾರರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವ 'ಐ' ಜೋಡಣೆ ತಂದರು. 1969ರಲ್ಲೇ ಬಾಯ್ಡ್ ಎಪ್ಲಿ ಎಂಬ ಹುಡುಗನನ್ನು ಬರೀ ಭಾರ ಎತ್ತಿಸುವುದಕ್ಕೆಂದೇ ಸಂಬಳ ಕೊಟ್ಟು ಇಟ್ಟುಕೊಂಡರು. ಭಾರ ಎತ್ತಿದರೆ ಆಟಗಾರ ನಿಧಾನ ಆಗ್ತಾನೆ ಅಂತ ಕೋಚ್‌ಗಳೇ ನಂಬಿದ್ದ ಕಾಲ ಅದು! ಇವತ್ತು ಜಿಮ್ ಕೋಚ್ ಇಲ್ಲದ ಕಾಲೇಜು ತಂಡವೇ ಇಲ್ಲ.

ಫಲ 1970ರಲ್ಲಿ ಸಿಕ್ಕಿತು. 1971ರ ಹೊಸ ವರ್ಷದ ದಿನ ಮೊದಲ ಸ್ಥಾನದ ಟೆಕ್ಸಸ್ ಸೋತಿತು, ಒಹಾಯೋ ಸ್ಟೇಟ್ ಸೋತಿತು, ರಾತ್ರಿ ನೆಬ್ರಾಸ್ಕಾ ಎಲ್‌ಎಸ್‌ಯು ತಂಡವನ್ನು 17-12ರಿಂದ ಸೋಲಿಸಿ ಮೊದಲ ರಾಷ್ಟ್ರೀಯ ಪಟ್ಟ ಹೊತ್ತಿತು. ಆಗ ಪಟ್ಟ ಯಾರಿಗೆ ಅನ್ನೋದು ಫೈನಲ್ ಪಂದ್ಯದಿಂದಲ್ಲ, ಮತ ಹಾಕಿ ಮಾಡುವ ಶ್ರೇಯಾಂಕ ಪಟ್ಟಿಯಿಂದ ತೀರ್ಮಾನವಾಗುತ್ತಿತ್ತು. ಅದೃಷ್ಟ ಅನ್ನುವವರು ಅನ್ನಲಿ. ಮುಂದಿನ ವರ್ಷದ್ದು ಅದೃಷ್ಟದ ಮಾತಲ್ಲ.

1971ರ ನವೆಂಬರ್ 25, ಥ್ಯಾಂಕ್ಸ್‌ಗಿವಿಂಗ್ ದಿನ. ಒಂದನೇ ಸ್ಥಾನದ ನೆಬ್ರಾಸ್ಕಾ, ಎರಡನೇ ಸ್ಥಾನದ ಒಕ್ಲಹೋಮಾ, ಅವರದೇ ಊರು ನಾರ್ಮನ್‌ನಲ್ಲಿ. 'ಶತಮಾನದ ಪಂದ್ಯ' ಅಂತ ಇವತ್ತಿಗೂ ಕರೆಯುತ್ತಾರೆ. ಆಟ ಶುರುವಾಗಿ ನಾಲ್ಕು ನಿಮಿಷವೂ ಆಗಿರಲಿಲ್ಲ. ಒಕ್ಲಹೋಮಾ ಒದ್ದ ಚೆಂಡು ಜಾನಿ ರಾಜರ್ಸ್ ಕೈಗೆ ಬಂತು. ಹಿಡಿದ ಕ್ಷಣಕ್ಕೇ ಎದುರಾಳಿ ಬಂದು ಅಪ್ಪಳಿಸಿದ, ರಾಜರ್ಸ್ ಬೀಳೋ ಹಾಗೆ ಆದವನು ಬೀಳಲಿಲ್ಲ, ತಿರುಗಿ, ಗುಂಪಿನ ನಡುವೆ ತೂರಿ, ಎಡಗಡೆ ಗೆರೆ ಹಿಡಿದು 72 ಗಜ ಓಡಿಬಿಟ್ಟ. ಆ ಓಟದಲ್ಲಿ ನೆಬ್ರಾಸ್ಕಾದ ಒಬ್ಬ ಆಟಗಾರ ಹಿಂದಿನಿಂದ ತಡೆದು ನಿಯಮ ಮುರಿದ ಅಂತ ಒಕ್ಲಹೋಮಾದವರು ಐವತ್ತು ವರ್ಷದ ಮೇಲೂ ಹೇಳ್ತಾನೇ ಇದ್ದಾರೆ. ಆಮೇಲೆ ಲೀಡ್ ಆ ಕಡೆ ಈ ಕಡೆ ಹೋಗಿ ಬಂದು, ಕೊನೆಗೆ ಒಂದು ನಿಮಿಷ 38 ಸೆಕೆಂಡ್ ಉಳಿದಿದ್ದಾಗ ಜೆಫ್ ಕಿನ್ನಿ, ಜೆರ್ಸಿ ಹರಿದು ಚಿಂದಿಯಾಗಿ ನೇತಾಡುತ್ತಿದ್ದ ಸ್ಥಿತಿಯಲ್ಲೇ, ತನ್ನ ನಾಲ್ಕನೇ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೇ ಗೆರೆ ದಾಟಿಸಿದರೆ ಸಿಗುವ ಆರು ಪಾಯಿಂಟ್) ಹೊಡೆದ. 35-31. ಬೌಲ್ ಪಂದ್ಯದಲ್ಲಿ ಅಲಬಾಮಾವನ್ನು 38-6ರಿಂದ ಮುಗಿಸಿದರು. ವರ್ಷದ ಕೊನೆಯ ಪಟ್ಟಿಯಲ್ಲಿ ನೆಬ್ರಾಸ್ಕಾ ಒಂದು, ಒಕ್ಲಹೋಮಾ ಎರಡು, ಕೊಲರಾಡೊ ಮೂರು. ಮೂರೂ ಒಂದೇ ಬಿಗ್ ಎಯ್ಟ್ ಒಕ್ಕೂಟದವು, ಮೂವರಲ್ಲಿ ಉಳಿದಿಬ್ಬರನ್ನೂ ಸೋಲಿಸಿದ್ದು ನೆಬ್ರಾಸ್ಕಾ. ವಯಸ್ಸಾದವರು ಇದಕ್ಕಿಂತ ದೊಡ್ಡ ತಂಡ ಇಲ್ಲ ಅನ್ನೋದು ಸುಮ್ನೆ ಅಲ್ಲ.

1973ರಲ್ಲಿ ಆಸ್‌ಬೋರ್ನ್ ಕೋಚ್ ಆದರು. ಇಲ್ಲಿಂದ ಶುರುವಾಗುವ ಇಪ್ಪತ್ತೈದು ವರ್ಷವನ್ನು ಈಗ ಎಲ್ಲರೂ ಚಿನ್ನದ ಕಾಲ ಅಂತಾರೆ. ಆಗ ಹಾಗೆ ಅನ್ನುತ್ತಿರಲಿಲ್ಲ. ಮೊದಲ ಐದು ವರ್ಷ ಒಕ್ಲಹೋಮಾ ಎದುರು ಐದಕ್ಕೆ ಐದೂ ಸೋಲು. 1978ರಲ್ಲಿ ಅಂತೂ 17-14ರಿಂದ ಗೆದ್ದರೆ, ಅದೇ ಒಕ್ಲಹೋಮಾ ಜೊತೆ ಮತ್ತೆ ಆರೆಂಜ್ ಬೌಲ್‌ನಲ್ಲಿ ಆಡಬೇಕಾಗಿ ಬಂದು, ಅಲ್ಲಿ ಸೋತರು. ಆ ಚಳಿಗಾಲ ಆಸ್‌ಬೋರ್ನ್ ಕೊಲರಾಡೊ ಕೆಲಸಕ್ಕೆ ಹೋಗುವ ಯೋಚನೆ ಮಾಡಿದ್ದೂ ಉಂಟು. ಪ್ರತಿ ವರ್ಷ ಒಂಬತ್ತೋ ಹತ್ತೋ ಗೆಲುವು, ಪಟ್ಟ ಮಾತ್ರ ಇಲ್ಲ.

1983ರದು ನನ್ನ ಆಯ್ಕೆಯ ತಂಡ. ಪಟ್ಟ ಗೆಲ್ಲದ ತಂಡವನ್ನು ಮೆಚ್ಚೋದಾ ಅಂತ ಕೇಳಬೇಡಿ. ಟರ್ನರ್ ಗಿಲ್, ಆ ವರ್ಷ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದ ಮೈಕ್ ರೋಜಿಯರ್, ಅರ್ವಿಂಗ್ ಫ್ರೈಯರ್. 12 ಪಂದ್ಯ ಗೆದ್ದು ಮಿಯಾಮಿಯ ಆರೆಂಜ್ ಬೌಲ್‌ಗೆ ಬಂದರು, ಮಿಯಾಮಿ ತಂಡದ ವಿರುದ್ಧವೇ. ಆರಂಭದಲ್ಲೇ 17-0 ಹಿಂದೆ ಬಿದ್ದರು. ಆಗ ಬೇಕೆಂದೇ ಚೆಂಡನ್ನು ನೆಲದ ಮೇಲೆ ಬಿಟ್ಟು, ಡೀನ್ ಸ್ಟೀನ್‌ಕೂಲರ್ ಎಂಬ ಭಾರೀ ಗಾರ್ಡ್ ಅದನ್ನೆತ್ತಿಕೊಂಡು ಓಡುವ ಒಂದು ತರಲೆ ಆಟ ಆಡಿ ಟಚ್‌ಡೌನ್ ಪಡೆದರು. ಕೊನೆಯ ನಿಮಿಷದಲ್ಲಿ 31-30. ಇನ್ನೊಂದು ಪಾಯಿಂಟ್ ಒದ್ದು ಪಂದ್ಯ ಸಮ ಮಾಡಿಕೊಂಡಿದ್ದರೆ ಪಟ್ಟ ಹೆಚ್ಚುಕಡಿಮೆ ಅವರದೇ. ಆಸ್‌ಬೋರ್ನ್ ಒದೆಸಲಿಲ್ಲ. ಗೆಲ್ಲುವುದಕ್ಕೇ ಹೋಗಿ, ಎರಡು ಪಾಯಿಂಟ್‌ಗೆ ಪಾಸ್ ಎಸೆಯಿಸಿದರು. ಮಿಯಾಮಿಯ ಆಟಗಾರನ ಬೆರಳು ತಾಗಿ ಚೆಂಡು ದಿಕ್ಕು ತಪ್ಪಿತು. ಸೋತರು. ರಾಜ್ಯದ ತುಂಬ ಅವರಿಗೆ ಸಿಕ್ಕ ಗೌರವ ಯಾವ ಕಪ್‌ನಿಂದಲೂ ಸಿಕ್ಕಿರಲಿಲ್ಲ ಅಂತ ಆ ಕಾಲದವರು ಹೇಳುತ್ತಾರೆ, ನನಗೂ ಅದು ನಿಜ ಅನ್ನಿಸುತ್ತೆ.

ಆಮೇಲೆ ಇನ್ನೂ ಹತ್ತು ವರ್ಷ ಕಾದರು. 1988ರಿಂದ 1994ರವರೆಗೆ ಹೊಸ ವರ್ಷದ ಬೌಲ್ ಪಂದ್ಯ ಏಳಕ್ಕೆ ಏಳೂ ಸೋಲು, ಹೆಚ್ಚಿನವು ಫ್ಲೋರಿಡಾ ತಂಡಗಳ ಕೈಯಲ್ಲಿ. ಆ ಚುರುಕು ಓಟದ ಮುಂದೆ ನಮ್ಮ ಹೊಲದ ಹುಡುಗರು ನಿಲ್ಲಲ್ಲ ಅನ್ನೋದು ಮಾಮೂಲಿ ಮಾತಾಯಿತು. ಆಸ್‌ಬೋರ್ನ್ ರಕ್ಷಣೆಯಲ್ಲಿ ದಪ್ಪಕ್ಕಿಂತ ವೇಗ ನೋಡಿ ಹುಡುಗರನ್ನು ಆರಿಸತೊಡಗಿದರು. 1994ರ ಜನವರಿಯಲ್ಲಿ ಫ್ಲೋರಿಡಾ ಸ್ಟೇಟ್ ಎದುರು ಒಂದು ನಿಮಿಷ 16 ಸೆಕೆಂಡ್ ಉಳಿದಿರುವಾಗ ಮುಂದಿದ್ದರು, ಆದರೂ 18-16ರಿಂದ ಸೋತರು. ಆ ಬೇಸಿಗೆ ಅಭ್ಯಾಸದ ಹೊತ್ತಿಗೆ ಸ್ಟೇಡಿಯಂನ ಸ್ಕೋರ್‌ಬೋರ್ಡ್‌ನಲ್ಲಿ 1:16 ಅಂತ ಹಾಕಿಟ್ಟರು. ಬಿಸಿಲಲ್ಲಿ ಓಡಿ ಸುಸ್ತಾಗಿ ತಲೆ ಎತ್ತಿದರೆ ಕಾಣೋದು ಅದೇ.

ಮುಂದಿನದು ಎಲ್ಲರಿಗೂ ಬಾಯಿಪಾಠ. 1994ರಲ್ಲಿ ಕ್ವಾರ್ಟರ್‌ಬ್ಯಾಕ್ ಟಾಮಿ ಫ್ರೇಜಿಯರ್ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಮೂಲೆ ಸೇರಿದಾಗ ಬ್ರೂಕ್ ಬೆರಿಂಜರ್ ತಂಡ ಎಳೆದರು. ಆರೆಂಜ್ ಬೌಲ್‌ನಲ್ಲಿ ಮಿಯಾಮಿಯನ್ನು ಮಿಯಾಮಿಯಲ್ಲೇ 24-17ರಿಂದ ಸೋಲಿಸಿದರು. 1995ರ ತಂಡ 12 ಪಂದ್ಯ ಆಡಿತು, 12 ಗೆದ್ದಿತು, ಒಂದರಲ್ಲೂ ಅಂತರ 14 ಪಾಯಿಂಟ್‌ಗಿಂತ ಕೆಳಗಿಳಿಯಲಿಲ್ಲ. ಕೊನೆಯಲ್ಲಿ ಫ್ಲೋರಿಡಾವನ್ನು 62-24ರಿಂದ ಸೋಲಿಸಿದ ಫಿಯೆಸ್ಟಾ ಬೌಲ್‌ನಲ್ಲಿ ಫ್ರೇಜಿಯರ್ 75 ಗಜದ ಒಂದು ಓಟ ಓಡಿದ. ಏಳೆಂಟು ಮಂದಿ ಹಿಡಿದರು, ಹಿಡಿದವರೆಲ್ಲ ಜಾರಿ ಬಿದ್ದರು. ಕಾಲೇಜು ಫುಟ್‌ಬಾಲ್‌ನ ಅತಿ ಬಲಿಷ್ಠ ತಂಡ ಯಾವುದು ಅಂತ ಕೇಳಿದರೆ ನೆಬ್ರಾಸ್ಕಾದ ಹೊರಗಿನವರೂ ಇದನ್ನೇ ಹೇಳೋದು ಜಾಸ್ತಿ. ಆದರೆ ಅದೇ ಸೀಸನ್‌ನಲ್ಲಿ ಓಟಗಾರ ಲಾರೆನ್ಸ್ ಫಿಲಿಪ್ಸ್ ಮಾಜಿ ಗೆಳತಿಯ ಮೇಲೆ ಹಲ್ಲೆ ಮಾಡಿ ಬಂಧನಕ್ಕೊಳಗಾಗಿದ್ದ. ಆತನನ್ನು ಕೆಲವು ಪಂದ್ಯ ಹೊರಗಿಟ್ಟು ಆಮೇಲೆ ವಾಪಸ್ ಆಡಿಸಿದರು. ಆ ತಂಡದ ಹೊಗಳಿಕೆಯಲ್ಲಿ ಈ ಸಾಲು ಬಿಟ್ಟುಹೋಗುತ್ತೆ, ಬಿಡಬಾರದು.

1997ರಲ್ಲಿ ಮತ್ತೊಂದು ಪಟ್ಟ, ಮಿಷಿಗನ್ ಜೊತೆ ಹಂಚಿಕೊಂಡಿದ್ದು. ಅದೂ ಮಿಸೌರಿ ವಿರುದ್ಧ ಬಚಾವಾಗಿದ್ದರಿಂದ: ಕೊನೆಯ ಕ್ಷಣದಲ್ಲಿ ಸ್ಕಾಟ್ ಫ್ರಾಸ್ಟ್ ಎಸೆದ ಚೆಂಡು ಒಬ್ಬನ ಎದೆಯಿಂದ ಚಿಮ್ಮಿ, ಅವನ ಕಾಲಿಗೆ ತಾಗಿ ಮೇಲೆದ್ದು, ನೆಲ ಮುಟ್ಟೋ ಮೊದಲು ಮ್ಯಾಟ್ ಡೇವಿಸನ್ ಕೈ ಸೇರಿತು. ಐದು ವರ್ಷದಲ್ಲಿ 60 ಗೆಲುವು, ಮೂರು ಸೋಲು. ಆಸ್‌ಬೋರ್ನ್ ನಿವೃತ್ತರಾದರು.

ಇದರ ಹಿಂದೆ ಒಂದು ಯಂತ್ರವೇ ಇತ್ತು. ಸ್ಕಾಲರ್‌ಶಿಪ್ ಇಲ್ಲದೆ, ಸ್ವಂತ ಖರ್ಚಲ್ಲಿ ಬಂದು ತಂಡ ಸೇರುವ 'ವಾಕ್-ಆನ್' ಹುಡುಗರು. ಸಣ್ಣಸಣ್ಣ ಊರಿನವರು, ಮೊದಲೆರಡು ವರ್ಷ ಬರೀ ಭಾರ ಎತ್ತಿ, ನಾಲ್ಕನೇ ವರ್ಷದಲ್ಲಿ ಆಡುತ್ತಿದ್ದರು. ಅಭ್ಯಾಸಕ್ಕೆ 150ರಷ್ಟು ಆಟಗಾರರು ಇರುತ್ತಿದ್ದರು. ಬೇರೆಯವರು ಪಾಸ್ ಕಡೆ ಹೊರಳಿದ ಮೇಲೂ ಇವರದು ಓಟದ 'ಆಪ್ಷನ್' ಆಟವೇ (ಚೆಂಡನ್ನು ತಾನೇ ಒಯ್ಯಬೇಕೋ, ಇನ್ನೊಬ್ಬನಿಗೆ ಕೊಡಬೇಕೋ ಅಂತ ಕ್ವಾರ್ಟರ್‌ಬ್ಯಾಕ್ ಆಡುತ್ತಲೇ ತೀರ್ಮಾನಿಸುವುದು), ಆದ್ದರಿಂದ ಎದುರಾಳಿಗೆ ವರ್ಷಕ್ಕೊಮ್ಮೆ ಮಾತ್ರ ಎದುರಾಗುವ ಒಗಟು. ಇದು ತಿಂಗಳಲ್ಲಿ ಕಟ್ಟುವಂಥದ್ದಲ್ಲ. ಡೆವೇನಿ ಕ್ರೀಡಾ ನಿರ್ದೇಶಕರಾಗಿ ಮೇಲೆ ಕೂತಿದ್ದಕ್ಕೇ ಆಸ್‌ಬೋರ್ನ್‌ಗೆ ಪಟ್ಟವಿಲ್ಲದ 21 ಸೀಸನ್ ಸಿಕ್ಕಿದ್ದು.

ಸೋಲಿಚ್‌ಗೆ ಸಿಕ್ಕಿದ್ದು ಆರು. ಡೆವೇನಿ ತಂಡದಲ್ಲೇ ಆಡಿದ್ದವರು, ಆಸ್‌ಬೋರ್ನ್ ಅವರೇ ಆರಿಸಿದವರು. 2001ರಲ್ಲಿ ಎರಿಕ್ ಕ್ರೌಚ್ ಹೈಸ್‌ಮನ್ ಗೆದ್ದ, ತಂಡ ಫೈನಲ್‌ವರೆಗೂ ಹೋಯಿತು. 2002ರಲ್ಲಿ ಏಳು ಗೆಲುವು, ಏಳು ಸೋಲು. ಅಷ್ಟಕ್ಕೇ 1969ರಿಂದ 33 ವರ್ಷ ನಡೆದುಬಂದ 'ಕನಿಷ್ಠ ಒಂಬತ್ತು ಗೆಲುವು' ಮುರಿಯಿತು. ಮುಂದಿನ ವರ್ಷ ಒಂಬತ್ತು ಗೆದ್ದರೂ ಕ್ರೀಡಾ ನಿರ್ದೇಶಕ ಸ್ಟೀವ್ ಪೆಡರ್ಸನ್ ಸೋಲಿಚ್ ಅವರನ್ನು ತೆಗೆದರು. ಬಿಲ್ ಕ್ಯಾಲಹನ್ ಬಂದು ಆಪ್ಷನ್ ಆಟ ಕಿತ್ತುಹಾಕಿ ಪಾಸ್ ಆಟ ತಂದರು. 2004ರಲ್ಲಿ ಟೆಕ್ಸಸ್ ಟೆಕ್ 70-10ರಿಂದ ಸೋಲಿಸಿತು. 1961ರ ನಂತರ ಮೊದಲ ಸಲ ಗೆಲುವಿಗಿಂತ ಸೋಲು ಹೆಚ್ಚಾದ ಸೀಸನ್ ಅದು.

ಕ್ಯಾಲಹನ್ ನಂತರ ಬಂದ ಕೋಚ್ ಬೋ ಪೆಲಿನಿ ಕಾಲವನ್ನು ಈಗ ಜನ ಬೇರೆ ಕಣ್ಣಲ್ಲಿ ನೋಡುತ್ತಿದ್ದಾರೆ. 2008ರಿಂದ 2014ರವರೆಗೆ ಪ್ರತಿ ವರ್ಷ ಒಂಬತ್ತೋ ಹತ್ತೋ ಗೆಲುವು, ಪ್ರತಿ ವರ್ಷ ಸರಿಯಾಗಿ ನಾಲ್ಕು ಸೋಲು. 2009ರ ಬಿಗ್ 12 ಒಕ್ಕೂಟದ ಫೈನಲ್‌ನಲ್ಲಿ ಎನ್ಡಾಮುಕಾಂಗ್ ಸೂ ಒಬ್ಬನೇ ಟೆಕ್ಸಸ್ ಕ್ವಾರ್ಟರ್‌ಬ್ಯಾಕ್‌ನನ್ನು ನಾಲ್ಕೂವರೆ ಸಲ ಕೆಡವಿದ, ಆದರೆ ಮುಗಿದಿದ್ದ ಗಡಿಯಾರಕ್ಕೆ ಒಂದು ಸೆಕೆಂಡ್ ವಾಪಸ್ ಹಾಕಿದರು, 13-12ರಿಂದ ಸೋತರು. ಪೆಲಿನಿಯನ್ನೂ ತೆಗೆದಿದ್ದು 9-3 ಲೆಕ್ಕದಲ್ಲೇ; ಆ ವರ್ಷದ ನಾಲ್ಕನೇ ಸೋಲು ಬಂದಿದ್ದು ಅವರು ಹೋದ ಮೇಲಿನ ಬೌಲ್ ಪಂದ್ಯದಲ್ಲಿ. ಆಗ 'ವರ್ಷಕ್ಕೆ ನಾಲ್ಕು ಸೋಲು' ಬೈಗುಳವಾಗಿತ್ತು. ಈಗ ಅದನ್ನು ಕೊಟ್ಟರೆ ಕಣ್ಣಿಗೊತ್ತಿಕೊಳ್ಳುವ ಮಂದಿ ಎಷ್ಟಿದ್ದಾರೋ!

ಮೈಕ್ ರೈಲಿ ಮೂರು ವರ್ಷ ಇದ್ದು ಹೋದರು. 2018ರಲ್ಲಿ ಬಂದವನು ಅದೇ ಸ್ಕಾಟ್ ಫ್ರಾಸ್ಟ್, 1997ರ ಕ್ವಾರ್ಟರ್‌ಬ್ಯಾಕ್, ನೆಬ್ರಾಸ್ಕಾದ ಮನೆಮಗ, ಹಿಂದಿನ ವರ್ಷವಷ್ಟೇ ಯುಸಿಎಫ್ ತಂಡವನ್ನು 13-0 ಮಾಡಿದ್ದವನು. ಹಳೇ ಕಾಲವನ್ನು ವಾಪಸ್ ತರೋದಕ್ಕೆ ಹಳೇ ಕಾಲದವನನ್ನೇ ತಂದರು, ಇದಕ್ಕಿಂತ ಸಲೀಸು ಯೋಚನೆ ಇಲ್ಲ. 16 ಗೆಲುವು, 31 ಸೋಲು. 2021ರಲ್ಲಿ ಒಂಬತ್ತು ಸೋತರು, ಒಂಬತ್ತೂ ಹತ್ತು ಪಾಯಿಂಟ್‌ಗಿಂತ ಕಡಿಮೆ ಅಂತರದಲ್ಲಿ. 2022ರಲ್ಲಿ ಜಾರ್ಜಿಯಾ ಸದರ್ನ್ ತಂಡ ಲಿಂಕನ್‌ಗೇ ಬಂದು 45-42ರಿಂದ ಗೆದ್ದ ಮಾರನೇ ದಿನ ಅವನ ಕೆಲಸ ಹೋಯಿತು. ಮುಂದಿನ ವಾರ ಎದುರಾಳಿ ಒಕ್ಲಹೋಮಾ, 49-14.

ಕಾರಣ ಹುಡುಕುವವರಿಗೆ ಕೋಚ್‌ಗಳ ಹೆಸರಷ್ಟೇ ಸಾಲದು. 1973ರವರೆಗೆ ಸ್ಕಾಲರ್‌ಶಿಪ್‌ಗೆ ರಾಷ್ಟ್ರಮಟ್ಟದ ಮಿತಿ ಇರಲಿಲ್ಲ. ಆಮೇಲೆ 105, 95, ಕೊನೆಗೆ 1990ರ ದಶಕದಲ್ಲಿ 85 ಆಯಿತು, ಒಳ್ಳೇ ಹುಡುಗರು ಹತ್ತು ಕಡೆ ಹಂಚಿಹೋದರು. 1996ರಲ್ಲಿ ಬಿಗ್ 12 ಬಂದ ಮೇಲೆ ಒಕ್ಲಹೋಮಾ ಜೊತೆ ಪ್ರತಿ ವರ್ಷದ ಪಂದ್ಯ ನಿಂತಿತು. 2011ರಲ್ಲಿ ಬಿಗ್ ಟೆನ್ ಸೇರಿ ಟಿವಿ ದುಡ್ಡು ಬಂತು, ಟೆಕ್ಸಸ್‌ನ ಹುಡುಗರ ಜೊತೆಗಿನ ನಂಟು ಸಡಿಲವಾಯಿತು. ಒಕ್ಕೂಟದ ಪಟ್ಟ ಕೊನೇ ಸಲ ಗೆದ್ದಿದ್ದು 1999ರಲ್ಲಿ.

2023ರಿಂದ ಮ್ಯಾಟ್ ರೂಲ್ ಕೋಚ್. 2024ರಲ್ಲಿ ಎಂಟು ವರ್ಷದ ಮೇಲೆ ಬೌಲ್ ಪಂದ್ಯಕ್ಕೆ ಹೋಗಿ ಬಾಸ್ಟನ್ ಕಾಲೇಜನ್ನು 20-15ರಿಂದ ಗೆದ್ದರು, ಏಳು ಗೆಲುವು, ಆರು ಸೋಲು. 2025ರಲ್ಲಿ ನ್ಯಾಯಾಲಯದ ಒಪ್ಪಂದದ ಮೇಲೆ ಬಂದ ಹೊಸ ನಿಯಮದಲ್ಲಿ ತಂಡದಲ್ಲಿ ಇರಬಹುದಾದ ಒಟ್ಟು ಆಟಗಾರರೇ 105, ಸ್ಕಾಲರ್‌ಶಿಪ್ ಇರಲಿ ಬಿಡಲಿ. ಮೊದಲೇ ಇದ್ದವರಿಗೆ ಒಂದಿಷ್ಟು ವಿನಾಯಿತಿ ಕೊಟ್ಟಿದ್ದಾರೆ. ಹೊಸದಾಗಿ ಹೊಲದಿಂದ ಬರುವ ಹುಡುಗನಿಗೆ ನಾಲ್ಕು ವರ್ಷ ಕಾಯಲು ಜಾಗ ಸಿಗೋದು ಕಷ್ಟ, ಮತ್ತು ದುಡ್ಡು ಕೊಟ್ಟು ಆಟಗಾರರನ್ನು ಕರೆಸಿಕೊಳ್ಳುವ ಈ ಕಾಲದಲ್ಲಿ ಅಷ್ಟು ದಿನ ಕಾಯುವ ಕೋಚೂ ಸಿಗೋದಿಲ್ಲ.