ಜಗಳದಲ್ಲಿ ಕಾರಣ ಯಾವ್ದು, ಬರೀ ಭಾವನೆ ಯಾವ್ದು ಅಂತ ಗೊತ್ತಾಗೋದು ಹೇಗೆ?

ಪ್ರಶ್ನೆ: ಮನೇಲಿ ಏನೇ ವಾದ ಆದ್ರೂ ಕೊನೆಗೆ ಕಣ್ಣೀರು, ಕೂಗಾಟ. ಎದುರಿನವ್ರು ಹೇಳ್ತಿರೋದು ನಿಜವಾದ ಕಾರಣನಾ, ಎಮೋಷನಲ್ ಬ್ಲ್ಯಾಕ್‌ಮೇಲಾ ಅಂತ ಹೇಗೆ ಗುರುತಿಸೋದು?

ಉತ್ತರ: ಮೊದ್ಲು, ದನಿ ನೋಡಿ ತೀರ್ಮಾನ ಮಾಡ್ಬೇಡಿ. ಅಳ್ತಾ ಹೇಳಿದ ಮಾತಲ್ಲೂ ಗಟ್ಟಿ ಕಾರಣ ಇರ್ಬಹುದು. ಹೇಳಿದ ಕಾರಣಕ್ಕೂ ವಿಷಯಕ್ಕೂ ನಂಟಿದ್ಯಾ ಅಂತ ನೋಡಿ.

ಮಗ ರಾತ್ರಿನೇ ಕಾರ್ ತಗೊಂಡು ಹೊರಡ್ತೀನಿ ಅಂತಾನೆ, ಅಮ್ಮ ಬೇಡ ಅಂತಾರೆ. "ಈ ಮನೇಲಿ ನನ್ನ ಮಾತಿಗೆ ಬೆಲೆನೇ ಇಲ್ಲ, ನಾನು ಸತ್ಮೇಲೆ ಗೊತ್ತಾಗುತ್ತೆ ಬಿಡು" ಅಂದ್ರೆ ಅವನು ಏನಂತ ಉತ್ತರ ಕೊಡೋದು? ಒಂದೋ ಕ್ಷಮೆ ಕೇಳ್ಬೇಕು ಇಲ್ಲಾ ರೇಗ್ಬೇಕು, ರಾತ್ರಿ ಪ್ರಯಾಣದ ವಿಷಯ ಅಲ್ಲಿಗೆ ಮಾಯ. ಅದೇ ಅಮ್ಮ "ನಿನ್ನೆ ಸರಿಯಾಗಿ ನಿದ್ದೆ ಮಾಡಿಲ್ಲ, ಮಳೆ ಬೇರೆ ಹಿಡ್ಕೊಂಡಿದೆ, ಬೆಳಿಗ್ಗೆ ಐದಕ್ಕೆ ಹೊರಟ್ರೂ ಟೈಮಿಗೆ ತಲುಪ್ತೀಯಲ್ಲೋ" ಅಂದ್ರೆ ಅವನು "ಇಲ್ಲಮ್ಮ ಮಧ್ಯಾಹ್ನ ಮಲಗಿದ್ದೆ" ಅಂತ ತಿರುಗಿ ಹೇಳ್ಬಹುದು, ಆ ಮಾತು ಸರಿನಾ ತಪ್ಪಾ ಅಂತ ಇಬ್ರೂ ಕೂತು ನೋಡ್ಬಹುದು. ಎರಡರಲ್ಲೂ ಅಮ್ಮನ ಭಯ ಒಂದೇ, ಆದ್ರೆ ಮೊದಲ್ನೇ ಸಲ ಕಾರಣ ಇರ್ಬೇಕಾದ ಜಾಗದಲ್ಲಿ ಆ ಭಯನೇ ಬಂದು ಕೂತಿದೆ.

ನಮ್ಮ ಹಳೇ ತರ್ಕಶಾಸ್ತ್ರದ ಗ್ರಂಥ, ಗೌತಮ ಮುನಿಯ ನ್ಯಾಯಸೂತ್ರದಲ್ಲಿ ಪ್ರತಿಜ್ಞೆ (ಸಾಧಿಸ್ಬೇಕಾದ ಮಾತು) ಆದ್ಮೇಲೆ ಹೇತು (ಅದಕ್ಕೆ ಕಾರಣ) ಬರ್ಲೇಬೇಕು. ಬೆಟ್ಟದ ಮೇಲೆ ಬೆಂಕಿ ಇದೆ, ಯಾಕಂದ್ರೆ ಹೊಗೆ ಕಾಣ್ತಿದೆ. ಹೊಗೆಗೂ ಬೆಂಕಿಗೂ ಸಂಬಂಧ ಇದೆ, ಹೇಳಿದವನ ಕೋಪಕ್ಕೂ ಬೆಂಕಿಗೂ ಇಲ್ಲ. ಹಾಗಂತ ಭಾವನೆ ಕೀಳು ಅಂತ ಅಲ್ಲ, ಅರಿಸ್ಟಾಟಲ್ ಕೂಡ ಮನವೊಲಿಸೋ ದಾರಿಗಳಲ್ಲಿ ತರ್ಕ, ಮಾತಾಡೋರ ನಡತೆ ಇವುಗಳ ಜೊತೆಗೆ ಕೇಳೋರ ಭಾವನೆಗೂ ಜಾಗ ಕೊಟ್ಟಿದ್ದ.

ಇನ್ನು ಕೆಲವು ಸಲ ಭಾವನೆನೇ ವಿಷಯ. "ಎಲ್ರ ಮುಂದೆ ನೀವು ಹಾಗಂದಿದ್ದು ನಂಗೆ ತುಂಬಾ ನೋವಾಯ್ತು" ಅಂತ ಹೆಂಡ್ತಿ ಹೇಳಿದ್ರೆ ಪ್ರೂಫ್ ಕೇಳೋದು ದೊಡ್ಡ ತಪ್ಪು. ನಂಗೆ ಎಲ್ಲಕ್ಕಿಂತ ಸಿಟ್ಟು ಬರೋದು "ಸುಮ್ನೆ ಎಮೋಷನಲ್ ಆಗ್ಬೇಡ" ಅನ್ನೋ ಮಾತಿಗೆ, ಕೇಳೋಕೆ ಲಾಜಿಕ್ ಥರ ಇರುತ್ತೆ ಆದ್ರೆ ಅದ್ರಲ್ಲಿ ಒಂದು ಕಾರಣನೂ ಇರಲ್ಲ, ಎದುರಿನವ್ರ ಬಾಯಿ ಮುಚ್ಚಿಸೋದಷ್ಟೇ ಉದ್ದೇಶ.

ಆ ಹೊತ್ತಲ್ಲಿ ಏನ್ ಮಾಡೋದು ಅಂದ್ರೆ, "ನಿಂಗೆ ಭಯ ಆಗ್ತಿದೆ ಅಂತ ಗೊತ್ತಮ್ಮ, ಯಾವ್ದಕ್ಕೆ ಹೇಳು, ನಾನು ನಿದ್ದೆಗೆಟ್ಟಿರೋದಕ್ಕಾ, ಮಳೆಗಾ" ಅಂತ ಕೇಳಿ. ಕಾರಣ ಇದ್ರೆ ಹೊರಗೆ ಬರುತ್ತೆ. ಮತ್ತೆ "ನಿಂಗೆ ನಾನ್ಯಾರು" ಅಂತಲೇ ಬಂದ್ರೆ ಆ ಜಗಳ ಕಾರಿನದ್ದಲ್ಲ, ಅದನ್ನ ಬೇರೆ ದಿನ ಸಮಾಧಾನವಾಗಿ ಕೂತು ಮಾತಾಡ್ಬೇಕು.