ಹಳೇ ಕ್ಯಾಂಪರ್ ಟ್ರೇಲರ್: ಇರುವ ಸ್ವಲ್ಪ ದುಡ್ಡನ್ನು ಮೊದಲು ಎಲ್ಲಿ ಹಾಕೋದು?

ಪಿಂಪ್ರಿಯ ಓದುಗರೊಬ್ಬರು ಕೇಳಿದ್ದಾರೆ: "ಹಳೇ ಕ್ಯಾಂಪರ್ ಟ್ರೇಲರ್, ಅದೇ ಕಾರಿನ ಹಿಂದೆ ಕಟ್ಟಿ ಎಳೆಯೋ ಪುಟ್ಟ ಮನೆಗಾಡಿ, ಒಂದು ಅಗ್ಗಕ್ಕೆ ಸಿಗ್ತಿದೆ. ಕೈಯಲ್ಲಿ ಜಾಸ್ತಿ ದುಡ್ಡಿಲ್ಲ. ಬಣ್ಣದಿಂದ ಶುರು ಮಾಡಲಾ, ಒಳಗಿನ ಮರಗೆಲಸದಿಂದಲಾ?"

ಎರಡೂ ಬೇಡ. ಮೊದಲು ನೀರು ಎಲ್ಲಿಂದ ಒಳಗೆ ಬರುತ್ತಿದೆ ನೋಡಿ.

ಇಂಥ ಹಳೇ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಹೊರಗೆ ಅಲ್ಯೂಮಿನಿಯಂ ತಗಡು, ಅದರ ಹಿಂದೆ ಮರದ ಚೌಕಟ್ಟು. ತಗಡು ಚೆನ್ನಾಗಿಯೇ ಕಾಣುತ್ತದೆ, ಮರ ಕೊಳೆತು ಹಿಟ್ಟಾಗಿರುತ್ತದೆ. ಮೂಲೆಗಳಲ್ಲಿ, ಕಿಟಕಿ ಕೆಳಗೆ, ಬಾಗಿಲ ಹತ್ತಿರದ ನೆಲದಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ. ಸಲೀಸಾಗಿ ಇಳಿದರೆ ಆ ಮರ ಹೋಯಿತು ಅಂತಲೇ ಲೆಕ್ಕ. ಆಮೇಲೆ ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಹೊರಗಿಂದ ಪೈಪಿನಲ್ಲಿ ನೀರು ಬಿಡಲಿ, ಕೆಳಗಿನಿಂದ ಶುರು ಮಾಡಿ ನಿಧಾನವಾಗಿ ಮೇಲಕ್ಕೆ ಹೋಗಲಿ, ಯಾಕಂದ್ರೆ ಮೊದಲೇ ಚಾವಣಿ ಮೇಲೆ ಸುರಿದರೆ ನೀರು ಎಲ್ಲಾ ಕಡೆ ಇಳಿದು ಯಾವ ಸಂದಿಯಿಂದ ಬಂತು ಅನ್ನೋದೇ ತಿಳಿಯುವುದಿಲ್ಲ.

ದಯವಿಟ್ಟು ಸಂದಿಗಳಿಗೆ ಸಿಲಿಕೋನ್ ಅಂಟು ಬಳಿಯಬೇಡಿ. ಅಗ್ಗ, ನಿಜ. ಆದರೆ ನಾಳೆ ಅದು ಬಿಟ್ಟುಕೊಂಡರೆ ಅದರ ಮೇಲೆ ಬೇರೇನೂ ಸರಿಯಾಗಿ ಅಂಟುವುದಿಲ್ಲ, ಕೆರೆದು ತೆಗೆಯುವಷ್ಟರಲ್ಲಿ ಸಾಕಾಗುತ್ತದೆ. ಸಂದಿ ಮುಚ್ಚಿರುವ ಲೋಹದ ಪಟ್ಟಿ ಬಿಚ್ಚಿ, ಹಳೇ ಅಂಟನ್ನು ಪೂರ್ತಿ ತೆಗೆದು, ಬ್ಯುಟೈಲ್ ಟೇಪ್ (ಮೆತ್ತಗಿನ ರಬ್ಬರಿನಂಥ ಅಂಟುಪಟ್ಟಿ) ಇಟ್ಟು ಮತ್ತೆ ಸ್ಕ್ರೂ ಬಿಗಿಯಿರಿ. ಜೂನ್‌ನಲ್ಲಿ ಪುಣೆಗೆ ಮಳೆ ಹಿಡಿಯುವ ಮೊದಲೇ ಇದು ಮುಗಿಯಬೇಕು.

ಕೊಳೆತ ನೆಲಕ್ಕೆ ನೀರು ತಡೆಯುವ, ಐಎಸ್ 710 ಗುರುತಿನ ಮರೈನ್ ಪ್ಲೈವುಡ್ಡೇ ಹಾಕಿ, ಪುಣೆಯ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಲ್ಲಿ ನಾಲ್ಕು ಕಡೆ ರೇಟ್ ಕೇಳಿ. ಕಪಾಟಿಗೆ ಅಷ್ಟು ದುಬಾರಿಯದು ಬೇಕಿಲ್ಲ, ಹಗುರ ಇದ್ದರೆ ಸಾಕು. ಹಿಡಿಕೆ, ಚಿಲಕ, ಕೀಲುಗಳಿಗೆ ಬುಧವಾರ ಇಲ್ಲವೇ ಭಾನುವಾರ ಹಳೇ ಸಾಮಾನಿನ ಸಂತೆ ಜುನಾ ಬಜಾರ್ ಸುತ್ತಿ.

ಟೈರ್ ವಿಷಯದಲ್ಲಿ ಉಳಿಸಬೇಡಿ. ಗ್ರಿಪ್ ಚೆನ್ನಾಗಿದ್ದರೂ ವರ್ಷಗಟ್ಟಲೆ ನಿಂತ ಟೈರ್‌ನ ರಬ್ಬರ್ ಬಿರುಕು ಬಿಡುತ್ತದೆ. ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಬೇರಿಂಗ್ ಬಿಚ್ಚಿಸಿ ಹೊಸ ಗ್ರೀಸ್ ಹಾಕಿಸಿ, ಬ್ರೇಕ್ ನೋಡಿಸಿ. ಖಂಡಾಲಾ ಘಾಟ್ ಇಳಿಯೋದು ಇದೇ ಗಾಡಿ ಅಲ್ವಾ?

ಒಳಗೆ ಗ್ಯಾಸ್ ಒಲೆ ಇಡುವುದಾದರೆ ಗಾಳಿಕಂಡಿ ನೆಲದ ಮಟ್ಟದಲ್ಲೂ ಇರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ.

ಹಾಂ, ದುಡ್ಡು ಕೊಡುವ ಮೊದಲು ಆರ್‌ಸಿ ಕೇಳಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ವಾಹನವೇ, ಎಳೆಯುವ ಕಾರಿನ ಕಾಗದ ಅದಕ್ಕೆ ಸಾಲದು.

ಬಣ್ಣ, ದಿಂಬು, ಪರದೆ ಎಲ್ಲಾ ಕೊನೆಗೆ. ಪರದೆಗೆ ಬಟ್ಟೆ ಕೊಳ್ಳಲೇಬೇಡಿ, ಮನೆಯಲ್ಲಿ ಅಮ್ಮನ ಹಳೇ ಇಳಕಲ್ ಸೀರೆ ಇದ್ದೇ ಇರುತ್ತದೆ.