ಗಿಡ್ಡ ಇದ್ದವರು ಉದ್ದ ವೇಲ್ ಹಾಕಬಾರದಾ?

ಪ್ರಶ್ನೆ: ಜನವರಿಯಲ್ಲಿ ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾದಲ್ಲಿ ನನ್ನ ಮದುವೆ. ಎತ್ತರ 5 ಅಡಿ 1 ಇಂಚು, ಮುಖ ದುಂಡಗಿದೆ. ತಲೆಯಿಂದ ಇಳಿದು ನೆಲ ಮುಟ್ಟುವ ನೆಟ್ ವೇಲ್ ಹಾಕಬೇಕೆಂದು ಆಸೆ. ಅದರಲ್ಲಿ ಮುಳುಗಿಹೋಗ್ತೀಯ ಅಂತ ಅಕ್ಕ ಹೆದರಿಸುತ್ತಿದ್ದಾಳೆ. ಏನು ಮಾಡಲಿ?

ಉತ್ತರ: ಉದ್ದದ್ದೇ ತಗೊಳ್ಳಿ. ಗಿಡ್ಡ ಕಾಣಿಸುವುದು ಉದ್ದದಿಂದಲ್ಲ, ಅಂಚು ಎಲ್ಲಿ ನಿಲ್ಲುತ್ತದೆ ಅನ್ನುವುದರಿಂದ. ವೇಲ್ ಮೊಣಕಾಲ ಹತ್ತಿರ ಮುಗಿದು, ಅಂಚಿಗೆ ದಪ್ಪ ಸ್ಯಾಟಿನ್ ರಿಬ್ಬನ್ನೂ ಇದ್ದರೆ, ಮೈಗೆ ಅಡ್ಡಗೆರೆ ಎಳೆದ ಹಾಗೆ ಕಾಣುತ್ತದೆ. ತೆಳು ನೆಟ್ ನೆಲದವರೆಗೆ ಇಳಿದರೆ ಆ ಗೆರೆಯೇ ಇರುವುದಿಲ್ಲ.

ಆದರೆ ಅಕ್ಕನ ಮಾತು ಪೂರ್ತಿ ಸುಳ್ಳಲ್ಲ. ಮುಳುಗಿಸುವುದು ಅಗಲ. 108 ಇಂಚು ಅಗಲದ ನೆಟ್ಟನ್ನು ಪೂರ್ತಿ ನೆರಿಗೆ ಹಿಡಿದು ಕೂದಲಿಗೆ ಸಿಗಿಸುವ ಬಾಚಣಿಗೆಗೆ ಹೊಲಿದರೆ ಸೊಳ್ಳೆ ಪರದೆ ಹೊದ್ದ ಹಾಗಾಗುತ್ತದೆ, ನಿಮಗೆ 54 ಅಥವಾ 72 ಇಂಚು ಸಾಕು. ತುರುಬಿನ ಮೇಲ್ಭಾಗಕ್ಕೆ ಸಿಗಿಸಿ, ಸ್ವಲ್ಪ ಎತ್ತರ ಬರುತ್ತದೆ. ದುಂಡು ಮುಖಕ್ಕೆ ಕೆನ್ನೆಯ ಪಕ್ಕ ನೆಟ್ ಉಬ್ಬಬಾರದು, ಅಷ್ಟೇ.

ನಾನಾಗಿದ್ದರೆ ಮುಖಕ್ಕಿಂತ ಬೆನ್ನಿನ ಬಗ್ಗೆ ಜಾಸ್ತಿ ಯೋಚಿಸುತ್ತಿದ್ದೆ. ಚರ್ಚಿನ ಬಲಿಪೂಜೆಯ (ಮಾಸ್) ಹೆಚ್ಚು ಹೊತ್ತು ನೀವು ಪೀಠದ ಕಡೆ ತಿರುಗಿರುತ್ತೀರಿ, ಬಂದವರೆಲ್ಲ ನೋಡುವುದು ನಿಮ್ಮ ಬೆನ್ನನ್ನೇ ಅಲ್ವಾ? ಗೌನಿನ ಹಿಂದೆ ಲೇಸು, ಗುಂಡಿಸಾಲು ಇದ್ದರೆ ಅಂಚಿಗೆ ಏನೂ ಇಲ್ಲದ ವೇಲ್ ಹಾಕಿ, ಕೆಲಸವೆಲ್ಲ ಒಳಗಿಂದ ಕಾಣಲಿ. ಗೌನ್ ಸಾದಾ ಇದ್ದರೆ ಮಂಟಿಲ್ಲಾ ನೋಡಿ. ಸ್ಪೇನ್ ಕಡೆಯದು, ನೆರಿಗೆ ಇರುವುದಿಲ್ಲ, ಸುತ್ತಲೂ ಅಗಲ ಲೇಸು, ತಲೆಯ ಮೇಲೆ ಸೆರಗಿನ ಹಾಗೆ ಚಪ್ಪಟೆ ಕೂರುತ್ತದೆ. 2018ರಲ್ಲಿ ಬ್ರಿಟನ್ ರಾಜಕುಮಾರ ಹ್ಯಾರಿ ಜೊತೆಗಿನ ಮದುವೆಗೆ ಮೇಗನ್ ಮಾರ್ಕಲ್ ತೀರಾ ಸಾದಾ ಗೌನ್ ಹಾಕಿ, 5 ಮೀಟರ್ ವೇಲ್‌ನ ಅಂಚಿಗೆ 53 ಕಾಮನ್‌ವೆಲ್ತ್ ದೇಶಗಳ ಹೂಗಳ ಕಸೂತಿ ಹಾಕಿಸಿದ್ದರು. ಲೆಕ್ಕ ಇದೇ. ಎರಡರಲ್ಲೂ ಕೆಲಸ ತುಂಬಿದರೆ ಯಾವುದೂ ಕಾಣುವುದಿಲ್ಲ.

ರಿಸೆಪ್ಶನ್‌ಗೆ ಜರಿ ಸೀರೆ ಉಡುವುದಾದರೆ ವೇಲ್ ಬಿಚ್ಚಿಟ್ಟುಬಿಡಿ. ನೆಟ್ ಜರಿಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಹರಿದಿರುತ್ತದೆ.

ಉದ್ದ ವೇಲ್‌ನ ನಿಜವಾದ ಶತ್ರು ಕಾರ್ಪೆಟ್. ನನ್ನ ಚಿಕ್ಕಮ್ಮನ ಮಗಳ ಮದುವೆಯಲ್ಲಿ ಒರಟು ಕಾರ್ಪೆಟ್ ನೆಟ್ಟನ್ನು ಹಿಡಿದುಕೊಂಡಿತು, ಅವಳು ಮುಂದೆ ನಡೆದಳು, ಬಾಚಣಿಗೆ ಕೂದಲ ಸಮೇತ ಹಿಂದೆ ಬಂತು, ಪಾಪ ಹಾಡು ಮುಗಿಯುವವರೆಗೂ ತಲೆ ಹಿಡಿದುಕೊಂಡೇ ನಿಂತಿದ್ದಳು. ಅದಕ್ಕೇ ಬಾಚಣಿಗೆಯ ಜೊತೆ ಎರಡೂ ಕಡೆ ಪಿನ್ ಹಾಕಿಸಿ. ನೈಲಾನ್ ನೆಟ್ಟಿಗೆ ಬಿಸಿ ಇಸ್ತ್ರಿ ಮುಟ್ಟಿಸಬೇಡಿ, ಕರಗುತ್ತದೆ, ಹಬೆ ಕೊಟ್ಟರೆ ಸಾಕು.

ಕಮರ್ಷಿಯಲ್ ಸ್ಟ್ರೀಟ್‌ಗೆ ಹೋಗುವಾಗ ಗೌನ್ ಅಥವಾ ಅದರದ್ದೇ ಬಟ್ಟೆಯ ಚೂರು ಜೊತೆಗಿರಲಿ, ಬಿಳಿಯಲ್ಲೇ ಹತ್ತು ಬಗೆ ಇದೆ. ಅಂಗಡಿಯ ದೀಪ ನಂಬದೆ ಬಾಗಿಲ ಹತ್ತಿರ ಬಂದು ಹಗಲು ಬೆಳಕಲ್ಲಿ ಹೊಂದಿಸಿ ನೋಡಿ. ಅಕ್ಕನನ್ನೂ ಕರೆದುಕೊಂಡು ಹೋಗಿ, ಹಿಂದಿನಿಂದ ಫೋಟೊ ತೆಗೆಯಲು ಒಬ್ಬರು ಬೇಕಲ್ಲ.